ಇಂಗ್ಲಿಷು ಪಾಠಕ್ಕೆ ಬೇಕಾದ ಸಲಕರಣೆ

ಕಳೆದ ತಿಂಗಳು ಈ ಅಂಕಣಕ್ಕೆ ಬಂದ ಕಾಗದಗಳಲ್ಲಿ ಒಂದು ನನ್ನ ಮನಸ್ಸನ್ನು ಬಹಳವಾಗಿ ಕಲಕಿತು. ಬರೆದವರು ಒಬ್ಬ ಗೃಹಿಣಿ. ತಮ್ಮ ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂದು ಕೇಳಿಕೊಂಡಿರುವರು. ಅವರ ಮಗಳು 4ನೆಯ ತರಗತಿಯಲ್ಲಿ ಓದುತ್ತಿರುವಳು. ಇಂಗ್ಲಿಷು ಚೆನ್ನಾಗಿ ಬರಬೇಕಾದರೆ ಪಾಠಗಳನ್ನು ತುಂಬಿದ ಟ್ಯಾಬ್ಲೆಟ್ ಯಂತ್ರವೊಂದು ಪ್ರತಿಯೊಂದು ಮಗುವಿನ ಬಳಿಯಲ್ಲಿಯೂ ಇರಬೇಕೆಂದೂ, ಅದರ ಬೆಲೆ 14,000 ರೂಪಾಯಿಗಳನ್ನು ಎರಡು ಕಂತುಗಳಲ್ಲಿ ಕೊಡಬಹುದೆಂದೂ ಪಾಠಶಾಲೆಯವರು ತಿಳಿಸಿರುವರಂತೆ. "ನನಗೆ ಇಂಗ್ಲಿಷು ಬಾರದು. ನಮ್ಮ ಯಜಮಾನರಿಗೂ ಅಷ್ಟಕ್ಕಷ್ಟೆ. ಮಗಳು ನಮ್ಮಂತಾಗಬಾರದು. ನನ್ನ ಕಿವಿಯ ಓಲೆಗಳನ್ನು ಒತ್ತೆಯಿಟ್ಟರೆ ಮೊದಲನೆಯ ಕಂತಿಗೆ ಆಗುವುದು. ಇಡಲೇ, ಬೇಡವೇ?" ಎಂದು ಆ ಸೋದರಿ ಕೇಳಿರುವರು.

ಇದನ್ನು ಓದಿ ನಗತಕ್ಕುದೇನೂ ಇಲ್ಲ. ನಾಲ್ಕು ಜನರ ನಡುವೆ ಇಂಗ್ಲಿಷು ಮಾತು ಬಂದಾಗ ತಲೆ ತಗ್ಗಿಸಿ ಕುಳಿತ ಅನುಭವವುಳ್ಳವರಿಗೆ ಆ "ನಮ್ಮಂತಾಗಬಾರದು" ಎಂಬ ಮಾತಿನ ಭಾರವೆಷ್ಟೆಂಬುದು ತಿಳಿಯುವುದು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಇಂಗ್ಲಿಷನ್ನು ಕಲಿಸಿದವಳಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುವೆನು: ಓಲೆಗಳು ಕಿವಿಯಲ್ಲಿಯೇ ಇರಲಿ. ಆದರೆ ಉತ್ತರವಷ್ಟೇ ಸಾಲದು, ಕಾರಣವನ್ನೂ ಹೇಳಬೇಕು. ಯಂತ್ರಗಳ ಮೇಲಣ ದ್ವೇಷವು ಆ ಕಾರಣವಲ್ಲವೆಂಬುದನ್ನೂ ಸ್ಪಷ್ಟಪಡಿಸಬೇಕು.

ನಾನು ಈ ವೃತ್ತಿಗೆ ಸೇರಿದ ಹೊಸತರಲ್ಲಿ, ಪರಿವೀಕ್ಷಕರು ಬರುವರೆಂಬ ಸುದ್ದಿಯನ್ನು ಕೇಳಿ ಮೂರು ರಾತ್ರಿ ನಿದ್ರೆಗೆಟ್ಟು ಹಣ್ಣುಗಳ ದೊಡ್ಡ ಪಟವೊಂದನ್ನು ಬಣ್ಣಬಣ್ಣವಾಗಿ ಬರೆದೆನು. ಸೇಬು, ಚೆರಿ, ಸ್ಟ್ರಾಬೆರಿ ಎಲ್ಲವೂ ಅದರಲ್ಲಿದ್ದುವು. ಅವುಗಳಲ್ಲಿ ಅರ್ಧದಷ್ಟನ್ನು ನಮ್ಮ ಮಕ್ಕಳು ಕಣ್ಣಿನಿಂದ ಕಂಡಿರಲಿಲ್ಲ. ಕೋಲಿನ ತುದಿಯನ್ನು ಒಂದೊಂದು ಹಣ್ಣಿಗೆ ಮುಟ್ಟಿಸಿದಂತೆಲ್ಲ ನಲವತ್ತು ಕಂಠಗಳು "ದಿಸ್ ಈಸ್ ಎನ್ ಆಪಲ್" ಎಂದು ಏಕಸ್ವರದಿಂದ ಕೂಗಿದುವು. ಪರಿವೀಕ್ಷಕರು ಸಂತೋಷಪಟ್ಟು ಪುಸ್ತಕದಲ್ಲಿ ಪ್ರಶಂಸೆಯನ್ನು ಬರೆದರು. ನಾನು ಆ ದಿನ ನೆಲದ ಮೇಲೆ ನಡೆಯಲಿಲ್ಲ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ತಿನ್ನುವುದಕ್ಕೆಂದು ಹಿತ್ತಲಿನಿಂದ ಎರಡು ಸೀಬೆಯ ಹಣ್ಣುಗಳನ್ನು ಕಿತ್ತು ತಂದಿದ್ದೆನು. ಒಂದು ಚೆನ್ನಾಗಿ ಮಾಗಿದ್ದು, ಇನ್ನೊಂದು ಕಸುಗಾಯಿ. ಪಾಠದ ಕಾಲದಲ್ಲಿ ಅವು ಮೇಜಿನ ಮೇಲೆಯೇ ಇದ್ದುವು. ವರ್ಷವಿಡೀ ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗನೊಬ್ಬನು ಕರಿಹಲಗೆಯನ್ನು ಬಿಟ್ಟು ಅವುಗಳನ್ನೇ ನೋಡುತ್ತಿದ್ದನು. ನಾನು ಎರಡನ್ನೂ ಕೈಯಲ್ಲಿ ಹಿಡಿದು "ವಿಚ್ ಒನ್?" ಎಂದು ಕೇಳಿದೆನು. ಅವನು ಬಹಳ ಹೊತ್ತು ಯೋಚಿಸಿದನು. ಆಮೇಲೆ "ದಟ್ ಒನ್, ಮೇಡಂ. ನಾಟ್ ದಿಸ್. ದಿಸ್ ನೋ ಸ್ವೀಟ್" ಎಂದನು. ವ್ಯಾಕರಣವು ಕುಂಟುತ್ತಿದ್ದಿತು, ನಿಜ. ಆದರೆ ಹಿಂದಿನ ದಿನ ಕೂಗಿದ ನಲವತ್ತು ಕಂಠಗಳಲ್ಲಿ ಒಂದಾದರೂ ಸ್ವಂತದ ಮಾತನ್ನು ಆಡಿರಲಿಲ್ಲ, ಇವನು ಆಡಿದನು. ಪಟವನ್ನು ನಾನು ಹರಿದು ಹಾಕಲಿಲ್ಲ. ಅದು ಗೋಡೆಯ ಮೇಲೆ ಇದ್ದೇ ಇದ್ದಿತು. ಮೂರು ದಿನಗಳಾದ ಮೇಲೆ ಯಾರೂ ಅದರ ಕಡೆಗೆ ನೋಡಲಿಲ್ಲ.

ಅಂದಿನಿಂದ ಯಾವ ಸಲಕರಣೆ ಎದುರಿಗೆ ಬಂದರೂ ಅದರ ಬೆಲೆಯನ್ನು ಕೇಳುವುದಕ್ಕೆ ಮೊದಲು ನಾನು ಕೇಳುವುದು ಒಂದನ್ನೇ: ಇದು ಮಗುವಿನ ಬಾಯನ್ನು ತೆರೆಯಿಸುವುದೋ, ಮುಚ್ಚಿಸುವುದೋ?

ಚಿತ್ರವನ್ನು ತೋರಿಸಿ ಭಾಷೆಯನ್ನು ಕಲಿಸುವ ಉಪಾಯವು ಹೊಸದಲ್ಲ. ಮೊರಾವಿಯಾ ದೇಶದ ಪಾದ್ರಿ ಕೊಮೇನಿಯಸ್ ಎಂಬಾತನು ಮಕ್ಕಳಿಗೆ ಲ್ಯಾಟಿನ್ ಭಾಷೆಯನ್ನು ಕಲಿಸುವುದಕ್ಕಾಗಿ ರಚಿಸಿದ ಸಚಿತ್ರ ಪುಸ್ತಕವು 1658ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾಯಿತು. ಅದರ ಚಿತ್ರಗಳಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಅಂಕಿ. ಕೆಳಗಿನ ವಾಕ್ಯದಲ್ಲಿ ಆ ವಸ್ತುವಿನ ಹೆಸರಿನ ಪಕ್ಕದಲ್ಲಿಯೂ ಅದೇ ಅಂಕಿ. ಅಕ್ಷರಗಳನ್ನು ಕಲಿಸುವ ಪುಟದಲ್ಲಿ ಕಾಗೆಯು ಒಂದು ಸ್ವರವನ್ನು ಕೂಗುವುದು, ಕುರಿಮರಿಯು ಇನ್ನೊಂದನ್ನು ಅರಚುವುದು. ಇಂದಿನ ಮಕ್ಕಳ ಪುಸ್ತಕಗಳೆಲ್ಲವೂ ಈ ಪುಸ್ತಕದ ಮೊಮ್ಮಕ್ಕಳೆಂದರೆ ತಪ್ಪಾಗಲಾರದು. ಆದರೆ ಅದರ ಮುನ್ನುಡಿಯಲ್ಲಿರುವ ವಿಷಯವನ್ನು ಆ ಮೊಮ್ಮಕ್ಕಳು ಮರೆತಂತಿದೆ. ಮಕ್ಕಳು ಆ ಚಿತ್ರಗಳನ್ನು ನೋಡಿ ತಾವೇ ಬರೆಯುವಂತೆ ಪ್ರೋತ್ಸಾಹಿಸಬೇಕೆಂದೂ, ಬಣ್ಣ ರುಚಿ ಮೊದಲಾದುವನ್ನು ಮಸಿಯಿಂದ ಚಿತ್ರಿಸಲು ಬಾರದಾದುದರಿಂದ ಅಂಥವುಗಳನ್ನು ನಿಜವಾಗಿಯೇ ತೋರಿಸಬೇಕೆಂದೂ ಅವನು ಹೇಳಿರುವನು. ನನ್ನ ಸೀಬೆಯ ಹಣ್ಣನ್ನು ಆತನು ಕಂಡಿದ್ದರೆ ತಲೆದೂಗುತ್ತಿದ್ದನೆಂದು ನನಗೆ ನಾನೇ ಹೇಳಿಕೊಳ್ಳುವುದುಂಟು.

ಎರಡನೆಯ ದೃಷ್ಟಾಂತವು ನಮ್ಮ ನೆರೆಯ ಮದರಾಸಿನದು. ಆ್ಯಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು 1789ರಿಂದ ಅಲ್ಲಿಯ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಪಾಠಶಾಲೆಯೊಂದನ್ನು ನಡೆಯಿಸುತ್ತಿದ್ದನು. ಒಮ್ಮೆ ಅವನು ಊರಿನ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿರುವುದನ್ನು ಕಂಡು, ಇಂಗ್ಲಿಷು ಅಕ್ಷರಗಳನ್ನೂ ಹೀಗೆಯೇ ಕಲಿಸಬಾರದೇಕೆಂದು ಯೋಚಿಸಿದನು. ಅವನ ಕೈಕೆಳಗಿನ ಉಪಾಧ್ಯಾಯರು ಇದಕ್ಕೆ ಒಡಂಬಡಲಿಲ್ಲ. ಆಗ ಬೆಲ್ಲನು ಎಂಟು ವರ್ಷದ ಬಾಲಕನೊಬ್ಬನನ್ನು ಕರೆದು, ಮರಳಿನ ಹಲಗೆಯ ಮುಂದೆ ಕುಳ್ಳಿರಿಸಿ, ಚಿಕ್ಕವರಿಗೆ ಕಲಿಸೆಂದು ಹೇಳಿದನು. ದೊಡ್ಡವರು ಆಗದೆಂದುದನ್ನು ಆ ಬಾಲಕನು ಮಾಡಿ ತೋರಿಸಿದನು. ಈ ವೃತ್ತಾಂತವು 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ "ಮದರಾಸು ಪದ್ಧತಿ"ಯು ಇಂಗ್ಲೆಂಡಿನ ಬಡ ಮಕ್ಕಳ ಪಾಠಶಾಲೆಗಳಲ್ಲೆಲ್ಲ ಹಬ್ಬಿತು. ಇಂಗ್ಲಿಷು ಕಲಿಸುವ ಸಲಕರಣೆಗಳು ಪಶ್ಚಿಮದಿಂದಲೇ ಬರಬೇಕೆಂದು ತಿಳಿದಿರುವವರು ಇದನ್ನು ನೆನೆಯಬಹುದು. ಹಾಗೆ ನೋಡಿದರೆ ಕರಿಹಲಗೆಯ ಒಡಹುಟ್ಟೊಂದು ನಮ್ಮಲ್ಲಿಯೂ ಇದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತ. ಈಗ ಆ ಹೆಸರು ಕಚೇರಿಯ ಫೈಲುಗಳಿಗೆ ಅಂಟಿಕೊಂಡು, ಅಳಿಸಿ ಬರೆಯುವ ಅದರ ಗುಣವು ಮಾತ್ರ ಮರೆತುಹೋಗಿದೆ.

ಬೆಲ್ಲನ ಕಥೆಯಲ್ಲಿ ಮುಖ್ಯವಾದುದು ಮರಳೋ ಬಾಲಕನೋ ಎಂಬುದನ್ನು ವಾಚಕರು ಯೋಚಿಸಬೇಕು. ನನಗಂತೂ ಬಾಲಕನೆಂದೇ ತೋರುವುದು. ಈ ಮಾತಿಗೆ ಮುಂದೆ ಮತ್ತೆ ಬರುವೆನು.

ಯಂತ್ರಗಳ ಕಥೆಯನ್ನು ಸಂಕ್ಷೇಪವಾಗಿ ಮುಗಿಸಬಹುದು. 1877ರಲ್ಲಿ ಎಡಿಸನ್ನನು ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಕಂಡುಹಿಡಿದನು. 1901ರಲ್ಲಿ ಸ್ಥಾಪಿತವಾದ ಲಿಂಗ್ವಫೋನ್ ಸಂಸ್ಥೆಯು ಅಂಥ ಧ್ವನಿಮುದ್ರಣಗಳಿಂದ ಭಾಷೆಗಳನ್ನು ಕಲಿಸುವುದನ್ನೇ ತನ್ನ ಕಸುಬಾಗಿ ಮಾಡಿಕೊಂಡಿತು. ಆಮೇಲೆ ರೇಡಿಯೋ, ಟೇಪು, ದೂರದರ್ಶನ. 1950ರ ದಶಕದ ಕೊನೆಯಿಂದೀಚೆಗೆ ಅಮೆರಿಕದ ಪಾಠಶಾಲೆಗಳು ಬಹಳ ಹಣವನ್ನು ಸುರಿದು "ಭಾಷಾ ಪ್ರಯೋಗಶಾಲೆ"ಗಳನ್ನು ಕಟ್ಟಿಸಿದುವು. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಗೂಡು, ಕಿವಿಗೆ ಶ್ರವಣಯಂತ್ರ, ಎದುರಿಗೆ ಟೇಪು. ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ 1965ರಿಂದ ಕೆಲವು ವರ್ಷಗಳವರೆಗೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ತರಗತಿಗಳನ್ನು ಪರೀಕ್ಷಿಸಿ ನೋಡಿದಾಗ, ವಾರಕ್ಕೆ ಎರಡು ಸಲ ಆ ಗೂಡುಗಳಲ್ಲಿ ಕುಳಿತುದರಿಂದ ಮಕ್ಕಳ ಕಲಿಕೆಯಲ್ಲಿ ಗುರುತಿಸತಕ್ಕ ಹೆಚ್ಚಳವೇನೂ ಕಂಡುಬರಲಿಲ್ಲ. ಯಂತ್ರವು ಕೆಟ್ಟುದಾಗಿರಲಿಲ್ಲ. ಅದರೊಡನೆ ಮಾತನಾಡುವುದಕ್ಕೆ ಮಗುವಿಗೆ ಕಾರಣವಿರಲಿಲ್ಲವೆಂದು ನನ್ನ ಊಹೆ. ನಾವು ಏನು ಹೇಳಿದರೂ ಟೇಪು ತನ್ನ ಮುಂದಿನ ವಾಕ್ಯವನ್ನೇ ಹೇಳುವುದಷ್ಟೆ!

ಇದಕ್ಕೆ ತೀರ ಎದುರಾದ ಪ್ರಯೋಗವೊಂದು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ನಮ್ಮವರಲ್ಲಿಯೇ ಅನೇಕರಿಗೆ ತಿಳಿಯದು. ಹೊರದೇಶಗಳಲ್ಲಿ ಇಂಗ್ಲಿಷು ಕಲಿಸುವವರು ಮಾತ್ರ ಅದನ್ನು "ಬೆಂಗಳೂರು ಪ್ರಾಜೆಕ್ಟ್" ಎಂದು ಚೆನ್ನಾಗಿ ಬಲ್ಲರು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರೂ ಅವರ ಜೊತೆಗಾರರೂ ಬೆಂಗಳೂರು, ಮದರಾಸು ಮೊದಲಾದೆಡೆಗಳ ಸಾಧಾರಣ ಪಾಠಶಾಲೆಗಳಲ್ಲಿ ಇದನ್ನು ನಡೆಯಿಸಿದರು. ಅವರು ಬಳಸಿದ ಸಲಕರಣೆಗಳು ಯಾವುವು? ಕರಿಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲು, ಇಷ್ಟೆ. ರೈಲುಗಳ ವೇಳಾಪಟ್ಟಿಯನ್ನೋ, ಊರಿನ ಸರಳವಾದ ನಕ್ಷೆಯನ್ನೋ, ತಿಂಗಳಿನ ಪಂಚಾಂಗವನ್ನೋ ಹಲಗೆಯ ಮೇಲೆ ಬರೆದು, ಅದರಿಂದ ಬಿಡಿಸಬೇಕಾದ ಸಮಸ್ಯೆಯೊಂದನ್ನು ಇಂಗ್ಲಿಷಿನಲ್ಲಿಯೇ ಮಕ್ಕಳ ಮುಂದಿಡುವರು. ಇಷ್ಟು ಗಂಟೆಗೆ ಅಲ್ಲಿರಬೇಕಾದವನು ಯಾವ ಗಾಡಿಯನ್ನು ಹಿಡಿಯಬೇಕು? ಮೊದಲು ಉಪಾಧ್ಯಾಯರು ಇಡೀ ತರಗತಿಯೊಡನೆ ಕೂಡಿ ಒಂದನ್ನು ಬಿಡಿಸುವರು. ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವಾಗಿ ಬಿಡಿಸಬೇಕು. ತರಗತಿಯಲ್ಲಿ ಅರ್ಧದಷ್ಟು ಮಕ್ಕಳಿಗಾದರೂ ಅರ್ಧದಷ್ಟು ಕೆಲಸವಾದರೂ ಸರಿಬಂದರೆ ಸಮಸ್ಯೆಯು ತಕ್ಕಷ್ಟು ಕಠಿನವಾಗಿದೆಯೆಂದು ಅವರ ಲೆಕ್ಕ. ಮಕ್ಕಳ ಮನಸ್ಸು ಗಾಡಿಯನ್ನು ಹಿಡಿಯುವುದರಲ್ಲಿರುವುದು. ಭಾಷೆಯು ಹಿಂಬಾಗಿಲಿನಿಂದ ಒಳಗೆ ಬರುವುದು. ಹೊರಗಿನಿಂದ ಬಂದು ಪರೀಕ್ಷಿಸಿದವರು 1985ರಲ್ಲಿ ಇದಕ್ಕೆ ಅನುಕೂಲವಾದ, ಆದರೆ ಎಚ್ಚರದ ಅಭಿಪ್ರಾಯವನ್ನು ಕೊಟ್ಟರು. ಪ್ರಭು ಅವರ ಗ್ರಂಥವು 1987ರಲ್ಲಿ ಹೊರಬಂದಿತು. ಇದೊಂದೇ ಸರಿಯಾದ ದಾರಿಯೆಂದು ನಾನು ಹೇಳಲಾರೆನು. ಮಕ್ಕಳಿಗೆ ಇದರಿಂದ ಬರವಣಿಗೆಯ ಕಟ್ಟುನಿಟ್ಟು ಬರುವುದು ತಡವೆಂದು ನನಗೆ ಅನುಭವವಾಗಿದೆ. ಆದರೆ ವೇಳಾಪಟ್ಟಿಯೆಂಬ ಒಂದು ತುಂಡು ಕಾಗದವು ಎಂಥ ಸಲಕರಣೆಯಾಗಬಲ್ಲುದೆಂಬುದನ್ನು ಕಂಡು ನಾನು ಬೆರಗಾದೆನು.

ಇಂಥದೇ ಇನ್ನೊಂದು ಸರಳವಸ್ತು ಬೆಲ್ಜಿಯಂ ದೇಶದ ಉಪಾಧ್ಯಾಯ ಕ್ವಿಸೆನೇರ್ ಎಂಬವರ ಬಣ್ಣದ ಕಡ್ಡಿಗಳು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಅಳತೆ, ಹತ್ತು ಬಣ್ಣ. ಅವರು ಮಾಡಿದ್ದು ಲೆಕ್ಕವನ್ನು ಕಲಿಸುವುದಕ್ಕೆ. ಕೇಲೆಬ್ ಗಟ್ಟೆನ್ಯೊ ಎಂಬವರು ಅವುಗಳನ್ನು ಭಾಷೆಯ ಪಾಠಕ್ಕೆ ತಿರುಗಿಸಿ, ಉಪಾಧ್ಯಾಯರು ಆದಷ್ಟು ಮೌನವಾಗಿರಬೇಕೆಂಬ ವಿಚಿತ್ರ ಪದ್ಧತಿಯೊಂದನ್ನು 1963ರಲ್ಲಿ ಪ್ರಕಟಿಸಿದರು. "ಕೆಂಪು ಕಡ್ಡಿಯನ್ನು ತೆಗೆದುಕೊ, ಅವಳಿಗೆ ಕೊಡು, ಎರಡು ಹಳದಿಯವನ್ನು ಅವನಿಗೆ ಕೊಡು" ಎಂದು ಮಕ್ಕಳೇ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಹೇಳುವರು. ಮಾತು ತಪ್ಪಿದರೆ ಕಡ್ಡಿ ತಪ್ಪು ಕೈಗೆ ಹೋಗುವುದು; ಬೇರೆ ತಿದ್ದುಪಡಿ ಬೇಕಾಗಿಯೇ ಇಲ್ಲ. ನಾನು ತೆಂಗಿನಗರಿಯ ಪೊರಕೆಯ ಕಡ್ಡಿಗಳನ್ನು ಮುರಿದು ಅರಿಸಿನ, ಕುಂಕುಮ, ನೀಲಿಗಳಲ್ಲಿ ಅದ್ದಿ ಮಾಡಿದ ಗೊಂಚಲೊಂದು ಎಂಟು ವರ್ಷ ಬಾಳಿತು. ಪೊರಕೆಯನ್ನು ಹಾಳುಮಾಡಿದೆನೆಂದು ಅತ್ತೆಯವರಿಂದ ಮಾತು ಕೇಳಬೇಕಾಗಿ ಬಂದಿತೆಂಬುದು ಬೇರೆ ವಿಚಾರ.

ಕರಿಹಲಗೆಯ ವಿಷಯದಲ್ಲಿ ಇನ್ನೂ ಎರಡು ಮಾತುಗಳನ್ನು ಹೇಳದೆ ಮುಂದೆ ಹೋಗಲಾರೆನು. ಅಚ್ಚಾದ ಪಟಕ್ಕೂ ಯಂತ್ರದ ಪರದೆಗೂ ಇಲ್ಲದ ಗುಣವೊಂದು ಇದಕ್ಕುಂಟು: ಚಿತ್ರವು ಮಕ್ಕಳ ಕಣ್ಣೆದುರಿಗೆ ನಿಧಾನವಾಗಿ ಹುಟ್ಟುವುದು. ನಾನು ಒಂದು ಗೆರೆಯನ್ನೆಳೆದು ನಿಲ್ಲಿಸಿ "ವಾಟ್ ಈಸ್ ಇಟ್?" ಎನ್ನುವೆನು. ಹಾವು, ಹಗ್ಗ, ಹೊಳೆ ಎಂದು ಮೂರು ಪಕ್ಷಗಳಾಗುವುವು. ಎರಡನೆಯ ಗೆರೆಯು ಬಿದ್ದಾಗ ಒಂದು ಪಕ್ಷವು ಸೋಲುವುದು. ಚಿತ್ರಕಲೆಯನ್ನು ಅರಿಯದ ಉಪಾಧ್ಯಾಯರೇ ಇದಕ್ಕೆ ಮೇಲು, ಏಕೆಂದರೆ ಅವರ ಎಮ್ಮೆಯು ಬಹಳ ಹೊತ್ತಿನವರೆಗೂ ಏನಾದರೂ ಆಗಬಹುದು. ಇನ್ನೊಂದು ಗುಣವು ಅಳಿಸುವುದು. ಐದು ವಾಕ್ಯಗಳನ್ನು ಬರೆದು ಎಲ್ಲರಿಂದಲೂ ಓದಿಸಿ, ಒಂದು ಪದವನ್ನು ಅಳಿಸಿ ಮತ್ತೆ ಓದಿಸಬೇಕು. ಇನ್ನೊಂದನ್ನು ಅಳಿಸಿ ಮತ್ತೆ. ಕೊನೆಗೆ ಹಲಗೆಯು ಬರಿದಾಗಿದ್ದರೂ ಮಕ್ಕಳು ಐದು ವಾಕ್ಯಗಳನ್ನೂ ಗಟ್ಟಿಯಾಗಿ ಓದುತ್ತಿರುವರು. ತೋರಿಸುವ ಸಲಕರಣೆಗಿಂತ ಮರೆಮಾಡುವ ಸಲಕರಣೆಯು ಮಾತನ್ನು ಹೆಚ್ಚಾಗಿ ಹೊರಡಿಸುವುದೆಂಬುದನ್ನು ನಾನು ಕಲಿತುದು ಹೀಗೆ. ಚಿತ್ರವನ್ನು ಲಕೋಟೆಯಿಂದ ಅಂಗುಲ ಅಂಗುಲವಾಗಿ ಎಳೆದು ತೋರಿಸುವುದು, ಚೀಲದೊಳಗಿನ ವಸ್ತುವನ್ನು ಮುಟ್ಟಿ ಹೇಳಿಸುವುದು, ಎಲ್ಲವೂ ಈ ಜಾತಿಯವೇ.

ಇನ್ನು ಉಚ್ಚಾರಣೆ. ಇಲ್ಲಿ ಕನ್ನಡದ ಮಕ್ಕಳಿಗೆ ನಿಜವಾದ ಕಷ್ಟಗಳುಂಟು. ದ್ರಾಕ್ಷಿಯ ಬಳ್ಳಿಗೂ ದ್ರಾಕ್ಷಿಯ ಮದ್ಯಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಮೊದಲಕ್ಷರ. ನಾವು ಎರಡನ್ನೂ "ವೈನ್" ಎಂದೇ ಬರೆಯುವೆವು, ಎಂದೇ ಅನ್ನುವೆವು. ನಮ್ಮ ವಕಾರವು ಅವೆರಡರ ನಡುವೆ ಎಲ್ಲಿಯೋ ನಿಂತಿರುವುದು. ಇದಕ್ಕೆ ಬೇಕಾದ ಸಲಕರಣೆ ಕುಂಕುಮದ ಭರಣಿಯೊಳಗಿನ ಚಿಕ್ಕ ಕನ್ನಡಿ. ಬಳ್ಳಿಯನ್ನು ಹೇಳುವಾಗ ಮೇಲಿನ ಹಲ್ಲುಗಳು ಕೆಳದುಟಿಗೆ ತಗುಲಿ ಗುಂಯ್‌ಗುಡುವುದನ್ನು ಮಗು ಕನ್ನಡಿಯಲ್ಲಿ ಕಾಣಬೇಕು. ಮದ್ಯವನ್ನು ಹೇಳುವಾಗ ಹಲ್ಲು ಕಾಣಿಸಲೇ ಕೂಡದು, ದೀಪವನ್ನು ಊದುವಂತೆ ತುಟಿಗಳು ದುಂಡಗಾಗಬೇಕು. ಹಾಗೆಯೇ "ಪೆನ್" ಎಂಬುದರ ಮೊದಲಿನ ಪಕಾರವನ್ನು ಇಂಗ್ಲಿಷರು ಸ್ವಲ್ಪ ಉಸಿರುಗೂಡಿಸಿ ಹೇಳುವರು. ತೆಳುವಾದ ಕಾಗದದ ಚೂರನ್ನು ತುಟಿಗಳ ಮುಂದೆ ಒಂದು ಬೆರಳಿನ ದೂರದಲ್ಲಿ ಹಿಡಿದರೆ ಅವರ "ಪೆನ್"ಗೆ ಅದು ಅಲ್ಲಾಡುವುದು. ನಮ್ಮ "ಪದ"ಕ್ಕೆ ಅಲ್ಲಾಡದು. ವಿನೋದವೇನೆಂದರೆ "ಸ್ಪೂನ್" ಎಂದಾಗ ಅವರ ಬಾಯಲ್ಲಿಯೂ ಅಲ್ಲಾಡದು. ಮಕ್ಕಳಿಗೆ ಇದು ಗಾರುಡಿಯಾಟದಂತೆ. "ಬುಕ್ಕು", "ಬಸ್ಸು" ಎಂದು ಕೊನೆಯಲ್ಲಿ ನಾವು ಸೇರಿಸುವ ಉಕಾರಕ್ಕೆ ಚಪ್ಪಾಳೆಯೇ ಔಷಧ: ಒಂದು ಪದಕ್ಕೆ ಒಂದೇ ಚಪ್ಪಾಳೆ, ಎರಡನೆಯದು ಬಿದ್ದರೆ ಉಕಾರವು ನುಸುಳಿತೆಂದು ಅರ್ಥ.

ಇಲ್ಲಿಯೇ ಯಂತ್ರದ ಪರವಾದ ಮಾತನ್ನೂ ನ್ಯಾಯವಾಗಿ ಹೇಳಬೇಕು. ನಮ್ಮ ರಾಜ್ಯದ ಸರಕಾರೀ ಪಾಠಶಾಲೆಗಳಲ್ಲಿ 2007–08ನೆಯ ಸಾಲಿನಿಂದ ಇಂಗ್ಲಿಷನ್ನು 1ನೆಯ ತರಗತಿಯಿಂದಲೇ ಒಂದು ವಿಷಯವಾಗಿ ಕಲಿಸತೊಡಗಿದರು. ತಮ್ಮ ಉಚ್ಚಾರಣೆಯನ್ನು ತಾವೇ ನಂಬದ ಉಪಾಧ್ಯಾಯರು ಎಷ್ಟೋ ಜನ ಆ ಕೆಲಸಕ್ಕೆ ನಿಲ್ಲಬೇಕಾಯಿತು. ಅವರ ಸಂಕೋಚವನ್ನು ನಾನು ಹತ್ತಿರದಿಂದ ಬಲ್ಲೆನು. ಅಂಥವರಿಗೆ ಒಳ್ಳೆಯ ಧ್ವನಿಯನ್ನು ಕೇಳಿಸುವ ಯಂತ್ರವು ದೊಡ್ಡ ಉಪಕಾರಿ. ಒಂದು ವಾಕ್ಯವನ್ನು ಕೇಳಿಸಿ, ನಿಲ್ಲಿಸಿ, ಮುಂದೇನು ಹೇಳುವರೆಂದು ಮಕ್ಕಳನ್ನು ಕೇಳಿ, ಆಮೇಲೆ ಮುಂದುವರಿಸಿದರೆ ಮೊಬೈಲ್ ಫೋನೂ ಗುರುವಾಗಬಹುದು. ಆ ಫೋನಿನಲ್ಲಿ ಮಗುವಿನ ಧ್ವನಿಯನ್ನೇ ಹಿಡಿದು ಅದಕ್ಕೆ ಕೇಳಿಸಿದರೆ ಇನ್ನೂ ಒಳ್ಳೆಯದು. ಆದರೆ ಇದಕ್ಕೆ ಮನೆಯಲ್ಲಿ ಈಗಾಗಲೇ ಇರುವ ಒಂದು ಫೋನು, ದಿನಕ್ಕೆ ಹತ್ತು ನಿಮಿಷ ಸಾಕು. ಒಂದು ಊರಿನ ಪಾಠಶಾಲೆಯಲ್ಲಿ ದಾನವಾಗಿ ಬಂದ ಪ್ರೊಜೆಕ್ಟರಿಗೆ ಕಸೂತಿಯ ಮುಸುಕನ್ನು ಹೊದಿಸಿ, ನಾಲ್ಕು ಮೂಲೆಗಳಿಗೂ ಗಂಟು ಹಾಕಿ ಇಟ್ಟಿದ್ದುದನ್ನು ನಾನು ಕಂಡೆನು. ಧೂಳಿನ ಭಯವಂತೆ. ಅದರ ಎದುರಿನ ತರಗತಿಯಲ್ಲಿ ಸೀಮೆಸುಣ್ಣವು ಮುಗಿದಿದ್ದಿತು.

ಈಗ ಆ ಸೋದರಿಯ ಕಾಗದಕ್ಕೆ ಬರುವೆನು. ಅವರು "ನನಗೆ ಇಂಗ್ಲಿಷು ಬಾರದು" ಎಂದು ನಾಚಿಕೊಂಡು ಬರೆದಿರುವರು. ಅಮ್ಮ, ನಿಮಗೆ ಬಾರದೆಂಬುದೇ ನಿಮ್ಮ ಮನೆಯಲ್ಲಿರುವ ಅತ್ಯುತ್ತಮ ಸಲಕರಣೆ! ಪಾಠಶಾಲೆಯಲ್ಲಿ ನಿಮ್ಮ ಮಗಳು ಏನನ್ನು ಹೇಳಿದರೂ ಅದು ಉಪಾಧ್ಯಾಯರಿಗೆ ಮೊದಲೇ ತಿಳಿದಿರುವುದು. ಗೊತ್ತಿದ್ದವರಿಗೆ ಹೇಳುವುದರಲ್ಲಿ ಮಗುವಿಗೆ ಏನು ಹುರುಪು? ಬೆಲ್ಲನ ಎಂಟು ವರ್ಷದ ಬಾಲಕನನ್ನು ನೆನೆಯಿರಿ. ಸಂಜೆ ಅಡಿಗೆಯ ಮನೆಯಲ್ಲಿ ಮೂರು ಪಾತ್ರೆಗಳನ್ನು ಬೋರಲಾಗಿಸಿ, ಒಂದು ಹುಣಿಸೆಬೀಜವನ್ನು ಬಚ್ಚಿಡುವಂತೆ ಮಗಳಿಗೆ ಹೇಳಿರಿ. ಎಲ್ಲಿದೆಯೆಂದು ಇಂಗ್ಲಿಷಿನಲ್ಲಿ ಕೇಳುವುದು ಹೇಗೆಂಬುದನ್ನು ಅವಳೇ ನಿಮಗೆ ಕಲಿಸಲಿ. "ಈಸ್ ಇಟ್ ಅಂಡರ್ ದಿ ಚೊಂಬು?" ಎಂದು ನೀವು ಕೇಳಬೇಕು, ಚೊಂಬು ಚೊಂಬಾಗಿಯೇ ಇದ್ದರೆ ದೋಷವಿಲ್ಲ, ಕಲಿಯಬೇಕಾದುದು "ಅಂಡರ್" ಮಾತ್ರ. ನೀವು ತಪ್ಪುವಿರಿ, ಅವಳು ತಿದ್ದುವಳು. ತಿದ್ದುವುದಕ್ಕಾಗಿ ತಾನು ಸರಿಯಾಗಿ ತಿಳಿಯಲು ಮರುದಿನ ಪಾಠವನ್ನು ಕಿವಿಗೊಟ್ಟು ಕೇಳುವಳು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಅವಳ ಕಡೆಗೆ ತಿರುಗಿಸಿಕೊಟ್ಟು ನೀವು ನೋಡದೆ ಕುಳಿತು, ಈ ತಿಂಗಳಲ್ಲಿ ಎಷ್ಟು ಭಾನುವಾರಗಳು, ಹಬ್ಬವು ಯಾವ ವಾರ ಬರುವುದು ಎಂದು ಕೇಳಿರಿ. ಪ್ರಶ್ನೆ ಕನ್ನಡದಲ್ಲಿರಲಿ, ಉತ್ತರ ಇಂಗ್ಲಿಷಿನಲ್ಲಿರಲಿ. ಬಸ್ಸಿನ ನಿಲ್ದಾಣಕ್ಕೆ ಹೋದಾಗ ಹಲಗೆಯ ಮೇಲಣ ಹೆಸರುಗಳನ್ನು ಅವಳಿಂದ ಓದಿಸಿ, ನಿಮ್ಮ ಗಾಡಿ ಎಷ್ಟು ಹೊತ್ತಿಗೆಂದು ಅವಳೇ ಹೇಳುವಂತೆ ಮಾಡಿರಿ.

ಪಾಠಶಾಲೆಯವರ ಹತ್ತಿರಕ್ಕೂ ನೀವು ಒಮ್ಮೆ ಹೋಗಿ ಬರಬೇಕು. ಜಗಳಕ್ಕಲ್ಲ. ಆ ಯಂತ್ರದ ಮುಂದೆ ಮಗು ದಿನಕ್ಕೆ ಎಷ್ಟು ಹೊತ್ತು ಕೂಡುವುದು, ಆ ಹೊತ್ತಿನಲ್ಲಿ ಅದರ ಬಾಯಿಂದ ಎಷ್ಟು ಮಾತು ಹೊರಡುವುದು, ತಪ್ಪಿದಾಗ ತಿದ್ದುವವರು ಯಾರು ಎಂದು ಕೇಳಿರಿ. ಕೊಳ್ಳದವರ ಮಗುವನ್ನು ತರಗತಿಯಲ್ಲಿ ಬೇರೆಯಾಗಿ ಕೂರಿಸುವರೇ ಎಂಬುದನ್ನೂ ಸಂಕೋಚಪಡದೆ ಕೇಳಿರಿ. ನಿಮ್ಮ ಕಾಗದದ ಸಾಲುಗಳ ನಡುವೆ ನನಗೆ ಕಂಡ ಭಯವು ಅದೇ. ಇಬ್ಬರು ಮೂವರು ತಾಯಂದಿರು ಕೂಡಿ ಹೋದರೆ ಉತ್ತರವು ಇನ್ನಷ್ಟು ಮೆತ್ತಗಿರುವುದು.

ಮೊದಲನೆಯ ಕಂತನ್ನು ಈ ತಿಂಗಳು 20ನೆಯ ತಾರೀಖಿನೊಳಗೆ ಕಟ್ಟಬೇಕೆಂದು ಆ ಸೋದರಿ ಬರೆದಿರುವರು. ಪತ್ರಿಕೆಯು ಅಷ್ಟರೊಳಗೆ ಅವರ ಕೈಸೇರುವುದೋ ಇಲ್ಲವೋ ಎಂದು, ಇದೇ ವಿಷಯವನ್ನು ಬೇರೊಂದು ಕಾಗದದಲ್ಲಿ ಬರೆದು, ಜೊತೆಗೆ ಬಣ್ಣ ಅದ್ದಿದ ಹನ್ನೆರಡು ಪೊರಕೆಕಡ್ಡಿಗಳನ್ನೂ ಇಟ್ಟು ನೆನ್ನೆಯ ಅಂಚೆಗೆ ಹಾಕಿರುವೆನು.